ಪಾವಟಿಗೆ ಬಾವಿಯ ಹುಳು

ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ ಸೀಮೆಯಿಂದ ಮೈಸೂರಿನ ಚಿತ್ರದುರ್ಗದವರೆಗೆ ಹಬ್ಬಿದ ಬಯಲುನಾಡಿನಲ್ಲಿ, ದಾರಿಹೋಕರ ದಾಹ ತಣಿಯಲೆಂದು ಪುಣ್ಯಾರ್ಥವಾಗಿ ಕಟ್ಟಿಸಿದ ಪಾವಟಿಗೆ ಬಾವಿಗಳೇ ನಾರುಹುಣ್ಣೆಂಬ ವ್ಯಾಧಿಗೆ ತವರಾದುದು ಇತಿಹಾಸದ ಕ್ರೂರ ವಿನೋದಗಳಲ್ಲೊಂದು.

ರೋಗದ ಲಕ್ಷಣವನ್ನು ಕಂಡವರಾರೂ ಮರೆಯಲಾರರು. ಪಾದದಲ್ಲೋ ಕಣಕಾಲಿನಲ್ಲೋ ಉರಿಯುವ ಬೊಕ್ಕೆಯೆದ್ದು, ಅದು ಒಡೆದಾಗ ಬಿಳಿಯ ನೂಲಿನಂಥ ಹುಳುವೊಂದು ಮೊಗಚಾಚುವುದು; ಎರಡು ಮೂರು ಅಡಿ ಉದ್ದದ ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯತಕ್ಕದ್ದು; ಅವಸರಿಸಿ ಹರಿದರೆ ಕಾಲು ಬಾತು, ಕೀವುಗಟ್ಟಿ, ರೋಗಿ ಹಾಸಿಗೆ ಹಿಡಿಯುವನು. ಹೊರಬೀಳುವುದು ಕಾಲಿನಿಂದಲಾದ್ದರಿಂದ ಒಳಹೊಕ್ಕದ್ದೂ ಕಾಲಿನಿಂದಲೇ ಎಂದು ಬಹುಕಾಲ ವೈದ್ಯರೂ ಊಹಿಸಿದರು. ನೀರು ಕುಡಿದುದಕ್ಕೂ ಹುಣ್ಣು ಒಡೆದುದಕ್ಕೂ ನಡುವೆ ಸುಮಾರು ಒಂದು ವರ್ಷ ಕಳೆಯುವುದರಿಂದ, ಬಾಯಾರಿಕೆಯ ಆ ಬೊಗಸೆ ನೀರಿನ ಮೇಲೆ ಯಾರಿಗೆ ತಾನೇ ಗುಮಾನಿ ಬಂದೀತು?

1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ ರಷ್ಯದ ಫೆಡ್ಚೆಂಕೊ, ಹುಳುವಿನ ಮರಿಗಳು ಸೈಕ್ಲಾಪ್ಸ್ ಎಂಬ ಚುಕ್ಕೆಯಷ್ಟರ ಜಲಜೀವಿಯ ಒಡಲಲ್ಲಿ ಬೆಳೆಯುವುದನ್ನು ಕಂಡನು. ಮುಂದೆ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ ಶೋಧನೆ ನಡೆಸಿದ ಲೈಪರನು, ಜಠರದಂಥ ಆಮ್ಲದಲ್ಲಿ ಸೈಕ್ಲಾಪ್ಸ್ ಸತ್ತು ಒಳಗಿನ ಮರಿ ಚುರುಕಾಗಿ ಹೊರಬರುವುದನ್ನು ತೋರಿಸಿ, ಅಂಥ ಜೀವಿಗಳನ್ನು ಕೋತಿಗೆ ತಿನ್ನಿಸಿ, ತಿಂಗಳುಗಳ ತರುವಾಯ ಅದರ ದೇಹದಲ್ಲಿ ಹುಳುಗಳನ್ನೇ ಪತ್ತೆಮಾಡಿದನು. ಚಕ್ರ ಪೂರ್ಣವಾಯಿತು: ಉರಿ ತಾಳಲಾರದೆ ರೋಗಿ ಬಾವಿಯ ಪಾವಟಿಗೆಯಿಳಿದು ಕಾಲನ್ನು ನೀರಿನಲ್ಲಿಡುವನು, ಹುಳು ಅಸಂಖ್ಯ ಮರಿಗಳನ್ನು ಚೆಲ್ಲುವುದು, ಸೈಕ್ಲಾಪ್ಸ್ ಅವನ್ನು ನುಂಗುವುದು, ಎರಡು ವಾರ ಕಳೆದ ಮೇಲೆ ಆ ನೀರನ್ನೇ ಊರು ಕುಡಿಯುವುದು.

ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಮಾತ್ರ ಚಿತ್ರದುರ್ಗದ್ದು. ಅಲ್ಲಿ 1930ರ ದಶಕದಲ್ಲಿ ವಿ. ಎನ್. ಮೂರ್ತಿಯವರು ಹಳ್ಳಿಯ ಬಾವಿಗಳಲ್ಲಿ ಈ ವ್ಯಾಧಿಯನ್ನು ಅಭ್ಯಸಿಸಿ, ಡಬ್ಲ್ಯೂ. ಸಿ. ಸ್ವೀಟ್‌ರೊಡನೆ 1936ರಲ್ಲಿ ಒಂದು ಸರಳೋಪಾಯವನ್ನು ಪ್ರಕಟಿಸಿದರು: ಸೈಕ್ಲಾಪ್ಸನ್ನು ತಿನ್ನುವ ಸಣ್ಣ ಮೀನುಗಳನ್ನು ಬಾವಿಗೆ ಬಿಡುವುದು. ಹಿರಿಯರು ಕಟ್ಟಿಸಿದ ಪಾವಟಿಗೆಗಳನ್ನು ಮುಚ್ಚಿಸಹೊರಟವನಿಗೆ ಊರೇ ಎದುರು ನಿಂತೀತು; ಮೀನು ಬಿಟ್ಟವನೊಡನೆ ಜಗಳಕ್ಕೆ ಬರುವವರು ವಿರಳ.

1980ರ ದಶಕದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ಪಾವಟಿಗೆ ಬಾವಿಗಳನ್ನು ಸೇದುಬಾವಿಗಳಾಗಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿತು. ಜೀವಹಿಂಸೆಗೆ ಅಂಜಿದ ಜೈನರು ಇದನ್ನು ಶತಮಾನಗಳಿಂದ ಆಚರಿಸುತ್ತಲೇ ಇದ್ದರು. ದೇಶದ ಕಡೆಯ ರೋಗಿ 1996ರಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಮುಕ್ತವೆಂದು ಘೋಷಿಸಿತು. ನಾರುಹುಣ್ಣಿಗೆ ಅಂದೂ ಲಸಿಕೆಯಿರಲಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇರಲಿಲ್ಲ, ಇಂದಿಗೂ ಇಲ್ಲ.