ರ‍್ಯಾಪ್ ಸಂಗೀತದಲ್ಲಿ ಡಿಜೆಯ ಸ್ಥಾನಪಲ್ಲಟ

1973ರ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಸೆಡ್ಜ್‌ವಿಕ್ ಅವೆನ್ಯೂವಿನ 1520ನೆಯ ಸಂಖ್ಯೆಯ ವಸತಿ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಏರ್ಪಡಿಸಿದ್ದ ನೃತ್ಯಕೂಟವನ್ನು ರ‍್ಯಾಪ್ ಸಂಗೀತದ ಆರಂಭವೆಂದು ಗುರುತಿಸುವುದು ವಾಡಿಕೆಯಾಗಿದೆ. ಒಂದು ಕಲೆಗೆ ಹೀಗೆ ಒಂದೇ ಜನ್ಮದಿನ ಗೊತ್ತುಮಾಡುವುದು ಇತಿಹಾಸಕ್ಕಿಂತ ಉತ್ಸವಕ್ಕೆ ಹೆಚ್ಚು ಒಪ್ಪುವ ಕ್ರಮ. ಅಂದು ಧ್ವನಿಮುದ್ರಿಕೆಗಳನ್ನು ನುಡಿಸಿದವನು ಆಕೆಯ ಸೋದರ, ಜಮೈಕಾದಿಂದ ವಲಸೆ ಬಂದಿದ್ದ ಕ್ಲೈವ್ ಕ್ಯಾಂಪ್‌ಬೆಲ್, ಅಂದರೆ ಡಿಜೆ ಕೂಲ್ ಹರ್ಕ್. ಹಾಡುಗಾರಿಕೆ ನಿಂತು ತಾಳವಾದ್ಯಗಳಷ್ಟೇ ಮುಂದುವರಿಯುವ ‘ಬ್ರೇಕ್’ ಎಂಬ ಭಾಗ ಬಂದಾಗಲೇ ಜನ ಹುರುಪಿನಿಂದ ಕುಣಿಯುವುದನ್ನು ಗಮನಿಸಿದ ಹರ್ಕ್, ಒಂದೇ ಮುದ್ರಿಕೆಯ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುತ್ತಲೇ ಇನ್ನೊಂದರ ಮುಳ್ಳನ್ನು ಅದೇ ಭಾಗದ ಆರಂಭಕ್ಕೆ ತಂದಿಟ್ಟು, ಕೆಲವೇ ಸೆಕೆಂಡುಗಳ ತಾಳವನ್ನು ನಿಮಿಷಗಟ್ಟಲೆ ಹಿಗ್ಗಿಸುವ ವಿಧಾನವನ್ನು ರೂಢಿಸಿದನು. ಎಂಸಿ, ಅಂದರೆ ಮೈಕು ಹಿಡಿದು ಕುಣಿಯುವವರನ್ನು ಹುರಿದುಂಬಿಸುವವನು, ಆ ಹಂತದಲ್ಲಿ ಡಿಜೆಯ ಸಹಾಯಕನಷ್ಟೇ ಆಗಿದ್ದನು.

ಧ್ವನಿಮುದ್ರಣೋದ್ಯಮವು ಈ ಶ್ರೇಣಿಯನ್ನು ತಲೆಕೆಳಗು ಮಾಡಿತು. 1979ರಲ್ಲಿ ನಿರ್ಮಾಪಕಿ ಸಿಲ್ವಿಯಾ ರಾಬಿನ್‌ಸನ್ ನ್ಯೂಜೆರ್ಸಿಯಲ್ಲಿ ಶುಗರ್‌ಹಿಲ್ ಗ್ಯಾಂಗ್ ತಂಡದ ‘ರ‍್ಯಾಪರ್ಸ್ ಡಿಲೈಟ್’ ಹೊರತಂದಾಗ, ‘ಶೀಕ್’ ತಂಡದ ಜನಪ್ರಿಯ ಗೀತೆಯೊಂದರ ಲಯವನ್ನು ವಾದ್ಯಗಾರರೇ ಸ್ಟುಡಿಯೋದಲ್ಲಿ ನುಡಿಸಿದ್ದರಿಂದ ಡಿಜೆಗೆ ಅಲ್ಲಿ ಕೆಲಸವೇ ಉಳಿಯಲಿಲ್ಲ. ಕೊಳೆಗೇರಿಯ ಬದುಕನ್ನು ವಸ್ತುವಾಗಿಸಿಕೊಂಡು ರ‍್ಯಾಪ್‌ಗೆ ಸಾಮಾಜಿಕ ಗಾಂಭೀರ್ಯ ತಂದುಕೊಟ್ಟ 1982ರ ‘ದಿ ಮೆಸೇಜ್’ ಮುದ್ರಿಕೆಯ ಮೇಲೆ ಡಿಜೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್‌ನ ಹೆಸರು ಮೊದಲಿಗಿದೆಯಾದರೂ, ಆ ಹಾಡಿನಲ್ಲಿ ಅವನ ಟರ್ನ್‌ಟೇಬಲ್ ವಾದನ ಇಲ್ಲ.