ಗೇಟಿಲ್ಲದ ಕಾಡು

ಹಾಸನ ಜಿಲ್ಲೆಯಲ್ಲಿ ರಾಷ್ಟ್ರೀಯ ಉದ್ಯಾನ ಇಲ್ಲ. ವೀಕೆಂಡಿಗೆ ಸಕಲೇಶಪುರದ ಹೋಮ್‌ಸ್ಟೇ ಬುಕ್ ಮಾಡಿ, "ಅಲ್ಲಿ ಸಫಾರಿ ಎಷ್ಟು ಗಂಟೆಗೆ?" ಅಂತ ಕೇಳುವವರಿಗೆ ಮೊದಲು ಹೇಳಬೇಕಾದ ಮಾತು ಇದು. ಕಬಿನಿಯ ಹಾಗೆ ಹಸಿರು ಜೀಪು ಬಂದು ನಿಲ್ಲುವುದಿಲ್ಲ. 'ಇಲ್ಲಿಂದ ಕಾಡು ಶುರು' ಅಂತ ಹೇಳುವ ಗೇಟೂ ಇಲ್ಲ.

ಹಾಗಂತ ಕಾಡಿಲ್ಲವಾ? ಇದೆ. ಸಕಲೇಶಪುರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಬಿಸಿಲೆ, ಕಾಗಿನಹರೆ, ಕೆಂಪುಹೊಳೆ ಕಡೆ, ನಡುಹಗಲಲ್ಲೂ ನೆಲಕ್ಕೆ ಬಿಸಿಲು ಬೀಳದಂಥ ಮಳೆಕಾಡು ಇದೆ. ಬಿಸಿಲೆ ಹತ್ತಿರದ ಮಂಕನಹಳ್ಳಿಯಲ್ಲಿ ಘಟ್ಟದ ನೆತ್ತಿಯನ್ನು ಗುರುತು ಮಾಡಿದ ಜಾಗವೊಂದಿದೆ. ಅದರ ಒಂದು ಪಕ್ಕಕ್ಕೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಪಕ್ಕಕ್ಕೆ ಬಿದ್ದದ್ದು ಕುಮಾರಧಾರೆ, ನೇತ್ರಾವತಿ ದಾಟಿ ಅರಬ್ಬೀ ಸಮುದ್ರಕ್ಕೆ.

2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಕರ್ನಾಟಕದ್ದು ಹತ್ತು. ಬಿಸಿಲೆಯ ದಕ್ಷಿಣಕ್ಕೆ ಅಂಟಿಕೊಂಡ ಪುಷ್ಪಗಿರಿ ಅಭಯಾರಣ್ಯ ಆ ಪಟ್ಟಿಯಲ್ಲಿದೆ, ಉತ್ತರಕ್ಕಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಇದೆ. ಎರಡನ್ನೂ ಜೋಡಿಸುವ ಹಾಸನದ ಈ ಕಾಡು ಇಲ್ಲ. ಕಾಗದದಲ್ಲಿ ಇದು ಬರೀ ಮೀಸಲು ಅರಣ್ಯ.

ಸಫಾರಿ ಇಲ್ಲದಿದ್ದರೂ, ದಾರಿ ತೋರಿಸುವವರನ್ನು ಮುಂದೆ ಬಿಟ್ಟುಕೊಂಡು ಈ ಬೆಟ್ಟಗಳಿಗೆ ಬಂದವರ ಚರಿತ್ರೆ ಮಾತ್ರ ಇನ್ನೂರು ವರ್ಷಕ್ಕಿಂತ ಹಳೆಯದು. ಬಂದವರಲ್ಲಿ ಸೈನಿಕರಿದ್ದರು, ಕಾಫಿ ಬೆಳೆಯುವವರಿದ್ದರು, ಬೇಟೆಗಾರರಿದ್ದರು, ಕಪ್ಪೆ ಹುಡುಕುವ ಪ್ರೊಫೆಸರಿದ್ದರು, ರೈಲ್ವೆ ಎಂಜಿನಿಯರುಗಳಿದ್ದರು. ಅವರ ಹೆಸರು ಪುಸ್ತಕಗಳಲ್ಲಿ ಸಿಗುತ್ತದೆ. ಮುಂದೆ ನಡೆದವರ ಹೆಸರು ಸಿಗುವುದು ಅಪರೂಪ.

ಮೊದಲು ಸೈನಿಕರ ಕಥೆ. ಇದು ಆಗ ಬಲಂ ಸೀಮೆ, ಐಗೂರಿನ ಪಾಳೇಗಾರರ ನಾಡು. ಮಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಘಟ್ಟದ ದಾರಿಯನ್ನು ಕಾಯಲು ಟಿಪ್ಪು ಸುಲ್ತಾನ್ 1792ರಲ್ಲಿ ಇಲ್ಲೊಂದು ಕೋಟೆ ಕಟ್ಟಿಸಿದ. ಎಂಟು ಮೂಲೆಯ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ಅದೇ. ಡ್ರೋನ್ ಬಂದ ಮೇಲೆ ಇನ್‌ಸ್ಟಾಗ್ರಾಮಿನಲ್ಲಿ ಎಲ್ಲರೂ ನೋಡಿರುತ್ತೀರಿ. ಸುತ್ತ ಕವಿದ ಮಂಜು ನೋಡಿ ಆ ಹೆಸರು ಇಟ್ಟ ಅಂತ ಜನ ಹೇಳುತ್ತಾರೆ.

ಟಿಪ್ಪು ಸತ್ತ ಮೇಲೂ ಬಲಂನ ವೆಂಕಟಾದ್ರಿ ನಾಯಕ ಬ್ರಿಟಿಷರಿಗೆ ಬಗ್ಗಲಿಲ್ಲ. ಅವನ ಬಲ ಕಲ್ಲಿನ ಗೋಡೆಯಲ್ಲಿರಲಿಲ್ಲ, ಅರಕೆರೆಯ ಸುತ್ತ ಹೆಣೆದುಕೊಂಡಿದ್ದ ಕಾಡಿನಲ್ಲಿತ್ತು. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ಸೈನ್ಯ ತಂದು ಅರಕೆರೆಯನ್ನು ಹಿಡಿದ. ಕೆಲವೇ ದಿನಗಳಲ್ಲಿ ನಾಯಕನೂ ಸಿಕ್ಕಿಬಿದ್ದ, ಅವನನ್ನು ಗಲ್ಲಿಗೇರಿಸಿದರು. ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನೂ ಇದೇ ವೆಲ್ಲೆಸ್ಲಿ. ಸೈನಿಕನ ಕಣ್ಣಿಗೆ ಈ ಕಾಡು ಶತ್ರುವಿನ ಕೋಟೆ.

ಆಮೇಲೆ ಬಂದದ್ದು ಕಾಫಿ. 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬಾತ ಮಂಜರಾಬಾದಿನ ದಕ್ಷಿಣ ಭಾಗದಲ್ಲಿ ತೋಟ ಶುರು ಮಾಡಿದ. 1855ರಲ್ಲಿ ಇಂಡಿಯಾಕ್ಕೆ ಬಂದ ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ ಕೂಡ ಇಲ್ಲೇ ನೆಲೆಯಾದ. ಅವನು 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರು 'ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್'. ಚಿನ್ನ, ಬೇಟೆ, ಕಾಫಿ. ಸಾಹೇಬನಿಗೆ ಈ ನಾಡಿನಲ್ಲಿ ಏನೇನು ಬೇಕಿತ್ತು ಅನ್ನುವುದು ಹೆಸರಿನಲ್ಲೇ ಇದೆ ನೋಡಿ. ಸ್ಪೋರ್ಟ್ ಅಂದರೆ ಕ್ರಿಕೆಟ್ ಅಲ್ಲ, ಹುಲಿ, ಕಾಟಿ ಬೇಟೆ. ಇವತ್ತಿನ ಗೈಡೆಡ್ ವೈಲ್ಡ್‌ಲೈಫ್ ಟ್ರಿಪ್ಪಿನ ಅಜ್ಜ ಆ ಶಿಕಾರಿಯೇ. ಊರವರು ಹೆಜ್ಜೆ ಗುರುತು ಹಿಡಿದು ಮುಂದೆ ಹೋಗಬೇಕು, ಹಳುವು ಸೋಹಬೇಕು, ಸಾಹೇಬ ಗುಂಡು ಹೊಡೆಯಬೇಕು. ಕ್ಯಾಮೆರಾ ಬಂದು ಬಂದೂಕು ಹೋಯಿತು. ಹೆಜ್ಜೆ ಓದುವ ಕೆಲಸ ಮಾತ್ರ ಊರವರ ಹತ್ತಿರವೇ ಉಳಿಯಿತು.

ಕಾಫಿಯ ಕಥೆಯಲ್ಲಿ ಇನ್ನೊಂದು ಮುಖ್ಯ ತಿರುವಿದೆ. ಶುರುವಿನಲ್ಲಿ ಎಷ್ಟೋ ಕಡೆ ಮರಗಳನ್ನೆಲ್ಲ ಬೋಳಿಸಿ, ಸುಟ್ಟು, ಬಯಲಿಗೆ ಕಾಫಿ ಗಿಡ ನೆಟ್ಟರು. 1860ರ ದಶಕದಲ್ಲಿ ಬೋರರ್ ಬಂತು, ಅಂದರೆ ಬಿಳಿ ಕಾಂಡಕೊರಕ. ಬಿಸಿಲಿಗೆ ಒಡ್ಡಿದ ಅರೇಬಿಕಾ ಗಿಡದ ಕಾಂಡ ಕೊರೆದು ತೋಟಕ್ಕೆ ತೋಟವನ್ನೇ ಒಣಗಿಸುವ ಹುಳ ಅದು. ನೆರಳಿಲ್ಲದೆ ಇಲ್ಲಿ ಕಾಫಿ ಉಳಿಯುವುದಿಲ್ಲ ಅನ್ನುವುದು ಪ್ಲಾಂಟರುಗಳಿಗೆ ಗೊತ್ತಾಯಿತು. ಎಲಿಯಟ್ ತನ್ನ ಪುಸ್ತಕದಲ್ಲಿ ನೆರಳಿನ ಬಗ್ಗೆ ಒತ್ತಿ ಒತ್ತಿ ಬರೆದ. ಹೀಗೆ ಮಲೆನಾಡಿನ ತೋಟಗಳು ಅತ್ತಿ, ಹಲಸು, ಬೈನೆಯಂಥ ದೊಡ್ಡ ಮರಗಳ ನೆರಳಲ್ಲಿ ಬೆಳೆದವು. ದೂರದಿಂದ ನೋಡಿದರೆ ಎಲ್ಲಿ ತೋಟ, ಎಲ್ಲಿ ಕಾಡು ಅಂತ ನಮಗೇ ಗೊತ್ತಾಗುವುದಿಲ್ಲ. ಇದನ್ನು ನೆನಪಲ್ಲಿಟ್ಟುಕೊಳ್ಳಿ, ಆನೆಯ ಕಥೆಗೆ ಬಂದಾಗ ಬೇಕಾಗುತ್ತದೆ.

ಅದಕ್ಕೂ ಮೊದಲು ಕಪ್ಪೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್ ಆಗಿದ್ದ ಸಿ.ಆರ್. ನಾರಾಯಣ ರಾವ್, 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. 1937ರಲ್ಲಿ ಅವರು ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ಪ್ರಬಂಧ ಪ್ರಕಟಿಸಿದಾಗ ಅದರಲ್ಲಿ ಕೆಂಪುಹೊಳೆಯ ಕಪ್ಪೆಗಳೂ ಇದ್ದವು. ತೊರೆಯಲ್ಲಿ ಬದುಕುವ ಒಂದು ಪುಟ್ಟ ಇರುಳುಗಪ್ಪೆಯ ವೈಜ್ಞಾನಿಕ ಹೆಸರಿನಲ್ಲಿ ಇವತ್ತಿಗೂ ಕೆಂಪುಹೊಳೆ ಇದೆ. ಅವರು ಕಾದಿಟ್ಟ ಮಾದರಿಗಳು ಮುಂದೆ ಕಳೆದುಹೋದವು, ಕಪ್ಪೆಯ ಸುದ್ದಿಯೂ ಇರಲಿಲ್ಲ. ಸುಮಾರು 75 ವರ್ಷದ ನಂತರ, 2011ರಲ್ಲಿ, ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಅವರ ತಂಡ ಅದು ಇನ್ನೂ ಬದುಕಿದೆ ಅಂತ ವರದಿ ಮಾಡಿತು. ನಮ್ಮ ಮೊಬೈಲ್ ಕ್ಯಾಮೆರಾಕ್ಕೆ ಕಾಣದ ಜೀವ ಈ ಕಾಡಲ್ಲಿ ಎಷ್ಟಿರಬಹುದು ಅಂತ ಅಂದಾಜು ಮಾಡಿಕೊಳ್ಳಿ.

ಈಗ 1979ಕ್ಕೆ ಬರೋಣ. ಈ ಬೆಟ್ಟಗಳಿಗೆ ಆ ಒಂದೇ ವರ್ಷ ಎರಡು ದೊಡ್ಡ ಬದಲಾವಣೆ ತಂದಿತು. ಹಾಸನ–ಮಂಗಳೂರು ರೈಲು ಶುರುವಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗ, 109 ಸೇತುವೆ. ದೋಣಿಗಲ್, ಯಡಕುಮರಿ, ಶಿರಿಬಾಗಿಲು ಅನ್ನುವ ಸ್ಟೇಷನ್ನುಗಳು ನಟ್ಟಡವಿಯ ನಡುವೆ ನಿಂತವು. 1996ರಲ್ಲಿ ಗೇಜ್ ಬದಲಾವಣೆಗೆ ಅಂತ ರೈಲು ನಿಂತಾಗ ಆ ಹಳಿಯೇ 'ಗ್ರೀನ್ ರೂಟ್' ಚಾರಣವಾಗಿ ಹೆಸರು ಮಾಡಿತು. ಈಗ ಮತ್ತೆ ರೈಲು ಓಡುತ್ತಿದೆ, ಹಳಿಯ ಮೇಲೆ ನಡೆಯುವುದು ನಿಷಿದ್ಧ.

ಅದೇ 1979ರಲ್ಲಿ ಗೊರೂರಿನ ಹತ್ತಿರ ಹೇಮಾವತಿ ಅಣೆಕಟ್ಟು ಮುಗಿಯಿತು. ಹಿನ್ನೀರು ಎಂಟು ಸಾವಿರ ಹೆಕ್ಟೇರ್ ದಾಟಿ ಹರಡಿತು. ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿ ಚರ್ಚಿನ ಫೋಟೊ ನೋಡದವರಿಲ್ಲ. ಆದರೆ ಮುಳುಗಿದ್ದು ಚರ್ಚು ಒಂದೇ ಅಲ್ಲ. ಹಳ್ಳಿಗಳು ಎದ್ದು ಬೇರೆ ಕಡೆ ಹೋದವು, ಮುಳುಗಡೆಯವರಿಗೆ ಕೊಡಲು ಜಮೀನು ಹುಡುಕಬೇಕಾಯಿತು. ನೀರು, ಹೊಸ ಊರು, ಹೊಸ ಹೊಲ, ರಸ್ತೆ, ಹಳಿ ಎಲ್ಲ ಸೇರಿ ಆನೆಗಳ ಹಳೆಯ ಓಡಾಟದ ಜಾಗ ತುಂಡು ತುಂಡಾಯಿತು.

ಆನೆಗಳು ಹೋದದ್ದೆಲ್ಲಿಗೆ? ಕಾಫಿ ತೋಟಕ್ಕೆ. ನೆನಪಿದೆಯಲ್ಲ, ತೋಟ ಕಾಡಿನ ಹಾಗೇ ಇದೆ ಅಂದದ್ದು? ನೆರಳಿದೆ, ಕೆರೆಯಲ್ಲಿ ಬೇಸಿಗೆಯಲ್ಲೂ ನೀರಿದೆ, ಹಲಸಿನ ಹಣ್ಣಿದೆ, ಬೈನೆ ಮರ ಇದೆ, ತೋಟದ ಕೆಳಗೆ ಗದ್ದೆಯಲ್ಲಿ ಭತ್ತ ಇದೆ. ಇಷ್ಟೆಲ್ಲ ಬಿಟ್ಟು ಜಾರುವ ಘಟ್ಟದ ಕಾಡಿಗೆ ಯಾಕೆ ಹೋಗಬೇಕು? ತೋಟದಲ್ಲೇ ಹುಟ್ಟಿ ತೋಟದಲ್ಲೇ ದೊಡ್ಡದಾದ ಆನೆಗೆ ಅದೇ ಮನೆ. 'ಕಾಡಾನೆ ನಾಡಿಗೆ ನುಗ್ಗಿತು' ಅಂತ ಪತ್ರಿಕೆಯಲ್ಲಿ ಓದುವಾಗ ನುಗ್ಗಲು ಇಲ್ಲೊಂದು ಬಾಗಿಲೇ ಇಲ್ಲ ಅನ್ನುವುದು ನಮಗೆ ಹೊಳೆಯುವುದಿಲ್ಲ.

ತೋಟದಲ್ಲಿ ಬದುಕುವವರಿಗೆ ಇದು ಚರ್ಚೆಯ ವಿಷಯ ಅಲ್ಲ. ಬೆಳಿಗ್ಗೆ ಮಂಜಿನಲ್ಲಿ ಕೆಲಸಕ್ಕೆ ಹೊರಟ ಲೈನ್ ಮನೆಯ ಹೆಂಗಸು ಹತ್ತು ಅಡಿ ದೂರದಲ್ಲಿ ನಿಂತ ಸಲಗವನ್ನು ಕಾಣದೆ ಹೋಗಬಹುದು. ಮಕ್ಕಳನ್ನು ಸ್ಕೂಲಿಗೆ ಒಂಟಿಯಾಗಿ ಕಳಿಸುವ ಹಾಗಿಲ್ಲ. ಕೊಯ್ಲಿಗೆ ವಾರ ಇದ್ದಾಗ ಒಂದು ರಾತ್ರಿಯಲ್ಲಿ ಗದ್ದೆ ಹೋಗುತ್ತದೆ. ಸತ್ತವರ ಮನೆಯವರು ಹೆಣವನ್ನು ರಸ್ತೆಯಲ್ಲಿಟ್ಟು ಧರಣಿ ಕೂತರೆ, ಬೆಂಗಳೂರಲ್ಲಿ ಕೂತು 'ಆನೆ ಜಾಗಕ್ಕೆ ಮನುಷ್ಯ ಹೋದದ್ದು ತಪ್ಪು' ಅಂತ ಕಮೆಂಟ್ ಹಾಕುವುದು ಸುಲಭ.

2012ರಲ್ಲಿ, ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ ಹೈಕೋರ್ಟಿಗೆ ವರದಿ ಕೊಟ್ಟಿತು. ರಾಜ್ಯದ ಆನೆ ಪ್ರದೇಶಗಳನ್ನು ಮೂರಾಗಿ ನೋಡಬೇಕು ಅಂದಿತು: ಆನೆಗೇ ಆದ್ಯತೆ ಇರುವ ಜಾಗ, ಇಬ್ಬರೂ ಹೊಂದಿಕೊಂಡು ಬದುಕುವ ಜಾಗ, ಆನೆಯನ್ನು ತೆಗೆಯಲೇಬೇಕಾದ ಜಾಗ. ಆಲೂರು–ಸಕಲೇಶಪುರದ ಪಾಲಿಗೆ ಬಂದದ್ದು ಮೂರನೆಯದು. 2014ರಲ್ಲಿ ಅರಣ್ಯ ಇಲಾಖೆ ಇಲ್ಲಿಂದ 22 ಆನೆಗಳನ್ನು ಹಿಡಿಯಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು, ಯಾಕೆಂದರೆ ನೆರಳು, ನೀರು, ಹಲಸು ಅಲ್ಲೇ ಇದ್ದವು.

ಇವತ್ತು ಈ ಆನೆಗಳಿಗೆ ಊರವರೇ ಇಟ್ಟ ಹೆಸರುಗಳಿವೆ: ಭೀಮ, ಕ್ಯಾಪ್ಟನ್, ಕರಡಿ, ಬೀಟಮ್ಮನ ಗುಂಪು, ಭುವನೇಶ್ವರಿ ಗುಂಪು. ಯಾವುದು ಶಾಂತ, ಯಾವುದು ಮದ ಬಂದರೆ ಅಟ್ಟಿಸಿಕೊಂಡು ಬರುತ್ತದೆ ಅನ್ನುವುದು ಗೊತ್ತಿದೆ. ಅದನ್ನು ದಿನವೂ ಲೆಕ್ಕ ಇಡುವವರು ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಿಬ್ಬಂದಿ. ಊರಲ್ಲಿ 'ಇಟಿಎಫ್‌ನವರು' ಅಂತಾರೆ. ಬೆಳಕು ಹರಿಯುವ ಮೊದಲೇ ಹೆಜ್ಜೆ, ಲದ್ದಿ, ಮುರಿದ ಬೈನೆ ನೋಡಿಕೊಂಡು ಹೋಗಿ ಆನೆ ಎಲ್ಲಿದೆ ಅಂತ ಹುಡುಕುತ್ತಾರೆ. ಆ ಸುದ್ದಿ ಫೋನಿನ ಮೆಸೇಜಾಗಿ, ರಸ್ತೆ ಬದಿಯ ಡಿಜಿಟಲ್ ಫಲಕವಾಗಿ ಜನಕ್ಕೆ ಮುಟ್ಟುತ್ತದೆ. ತಮಿಳುನಾಡಿನ ವಾಲ್ಪಾರೈನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಬೆಳೆಸಿದ ಈ ಪದ್ಧತಿ ಇಲ್ಲಿಗೂ ಬಂತು. ಆನೆಯನ್ನು ಓಡಿಸುವುದಕ್ಕಿಂತ ಆನೆ ಎಲ್ಲಿದೆ ಅಂತ ಹೇಳುವುದು ಹೆಚ್ಚು ಜೀವ ಉಳಿಸುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕ.

ಈ ಕೆಲಸದ ಬೆಲೆ ಏನು ಅಂತ 2023 ತೋರಿಸಿತು. ಆಗಸ್ಟ್ 31ರಂದು ಆಲೂರು ತಾಲ್ಲೂಕಿನ ಹಳ್ಳಿಯೂರಿನಲ್ಲಿ, ಗಾಯಗೊಂಡಿದ್ದ ಭೀಮನಿಗೆ ಚಿಕಿತ್ಸೆ ಕೊಡಿಸಲು ಅರಿವಳಿಕೆ ಚುಚ್ಚುಮದ್ದು ಹಾರಿಸಿದ ವೆಂಕಟೇಶ್, ತಿರುಗಿಬಿದ್ದ ಅದೇ ಆನೆಯ ಕಾಲಿಗೆ ಸಿಕ್ಕಿ ಸತ್ತರು. ಜನ ಅವರನ್ನು ಕರೆಯುತ್ತಿದ್ದದ್ದೇ 'ಆನೆ ವೆಂಕಟೇಶ್' ಅಂತ. ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದ ಜೊತೆ ಕಾದಾಡಿ ಅರ್ಜುನ ಸತ್ತ. ಎಂಟು ದಸರೆಗೆ ಚಿನ್ನದ ಅಂಬಾರಿ ಹೊತ್ತ ಆನೆ. ಕಾಕನಕೋಟೆಯ ಖೆಡ್ಡಾದಲ್ಲಿ 1968ರಲ್ಲಿ ಸೆರೆಸಿಕ್ಕಿದ್ದ ಕಾಡಾನೆಯೇ ಅದು. ಇನ್ನೊಂದು ಕಾಡಾನೆಯನ್ನು ಹಿಡಿಯಲು ಹೋಗಿ ಅಲ್ಲೇ ಮಣ್ಣಾಯಿತು.

ಹಾಗಾದರೆ ಸಕಲೇಶಪುರಕ್ಕೆ ಹೋಗಲೇಬಾರದಾ? ಹೋಗಿ. ಈ ಕಾಡಿಗೆ ನೋಡುವವರ ಅಗತ್ಯವೂ ಇದೆ. ಗುಂಡ್ಯ ಕಣಿವೆಯಲ್ಲಿ 200 ಮೆಗಾವಾಟ್ ಜಲವಿದ್ಯುತ್ ಯೋಜನೆ ಬರಬೇಕಿತ್ತು. ಸ್ಥಳೀಯರು ವರ್ಷಗಟ್ಟಲೆ ವಿರೋಧಿಸಿದರು, 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿಯೂ ಬೇಡ ಅಂದಿತು. ಅದೇ ತಾಲ್ಲೂಕಿನಲ್ಲಿ ಎತ್ತಿನಹೊಳೆ ಯೋಜನೆಯ ಪೈಪುಗಳು ಮಾತ್ರ ಬಂದೇ ಬಂದವು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯೂ ಆಯಿತು. ಇಂಥ ನಿರ್ಧಾರ ಆಗುವುದು ಬೆಂಗಳೂರಿನಲ್ಲಿ, ಬಹಳಷ್ಟು ಸಲ ನಾವು ಬೆಂಗಳೂರಿನವರ ಹೆಸರಿನಲ್ಲೇ. ಬಿಸಿಲೆ ಎಲ್ಲಿದೆ ಅಂತ ಗೊತ್ತಿರುವವರು ಇಲ್ಲಿ ಇನ್ನಷ್ಟು ಜನ ಇದ್ದರೆ ಒಳ್ಳೆಯದು.

ಆದರೆ ಹೋಗುವ ರೀತಿ ಬೇರೆ ಇರಲಿ. ಕತ್ತಲಾದ ಮೇಲೆ ಆನೆ ಹುಡುಕಿಕೊಂಡು ತೋಟದ ರಸ್ತೆಯಲ್ಲಿ ಕಾರು ಓಡಿಸಬೇಡಿ. ಇಟಿಎಫ್‌ನವರು ರಸ್ತೆಯಲ್ಲಿ ನಿಲ್ಲಿಸಿದರೆ ಹಾರ್ನ್ ಹೊಡೆಯದೆ, ವಿಡಿಯೊ ಮಾಡದೆ ಕಾಯಿರಿ. ನಡೆಯಬೇಕೆಂದರೆ ಮೊದಲು ಅರಣ್ಯ ಇಲಾಖೆಯನ್ನು ಕೇಳಿ, ಊರಿನವರೊಬ್ಬರನ್ನು ಕರೆದುಕೊಂಡು ಹೋಗಿ. ಅವರು ವಾಪಸ್ ಹೋಗೋಣ ಅಂದರೆ ಎರಡನೇ ಮಾತಾಡದೆ ತಿರುಗಿ. ಕೇಳಿದಷ್ಟು ಕೂಲಿ ಚೌಕಾಸಿ ಮಾಡದೆ ಕೊಡಿ. ಫೋಟೊ ಹಾಕುವಾಗ, ಅವರು ಒಪ್ಪಿದರೆ, ಜೊತೆಗೆ ಅವರ ಹೆಸರನ್ನೂ ಬರೆಯಿರಿ. ಎಲಿಯಟ್ ಸಾಹೇಬನ ಮುಂದೆ ನಡೆದವರು ಯಾರು ಅಂತ ನಮಗೆ ಇವತ್ತು ಗೊತ್ತಾಗುವ ದಾರಿಯಿಲ್ಲ. ನಿಮ್ಮ ಮುಂದೆ ನಡೆದವರು ಯಾರು ಅಂತ ನಿಮಗೆ ಗೊತ್ತಿರುತ್ತದಲ್ಲ.