ಅಳಿಸಿದರೂ ಅಳಿಯದ ಕಡತ

ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವೆ. ಹಿಂದೆ ಕಡತವೆಂದರೆ ಬಟ್ಟೆಯ ಪುಸ್ತಕ. ಹತ್ತಿ ಬಟ್ಟೆಗೆ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಚಿ, ಬಳಪದಿಂದ ಬರೆಯುತ್ತಿದ್ದರು. ವರ್ತಕರ ಲೆಕ್ಕವೆಲ್ಲ ಅದರಲ್ಲೇ. ಬೇಡವಾದಾಗ ಸ್ಲೇಟಿನಂತೆ ಒರೆಸಿದರೆ ಆಯಿತು. ಮತ್ತೆ ಕಪ್ಪು ಬಟ್ಟೆ. 1810ರಲ್ಲಿ ಮೈಸೂರಿನ ಇತಿಹಾಸ ಪ್ರಕಟಿಸಲಾರಂಭಿಸಿದ ಮಾರ್ಕ್ ವಿಲ್ಕ್ಸ್ ಇದನ್ನು ವಿವರಿಸಿದ್ದಾನೆ.

ಕಂಪ್ಯೂಟರಿನ ಕಡತ ಹಾಗಲ್ಲ. ಐ.ಬಿ.ಎಂ. ಸಂಸ್ಥೆ 1956ರಲ್ಲಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಡಿಸ್ಕು ದೊಡ್ಡದಾದಂತೆ ಪ್ರತಿಯೊಂದು ಅಕ್ಷರವನ್ನೂ ಒರೆಸುತ್ತ ಕೂರುವುದು ನಿಧಾನದ ಕೆಲಸ. ಅದಕ್ಕೊಂದು ಸುಲಭದ ಹಾದಿ ಹುಡುಕಿದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರಿಗೆ ಗೀಟು ಹಾಕಿದಿರೆನ್ನಿ, ಅವಳು ಮಾತ್ರ ಬೆಂಚಿನ ಮೇಲೆ ಕುಳಿತೇ ಇದ್ದಾಳೆ. ಎಂ.ಎಸ್. ಡಾಸ್ ಮಾಡುತ್ತಿದ್ದುದು ಇದನ್ನೇ. ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಹಾಕಿ, 'ಈ ಜಾಗ ಖಾಲಿ' ಎಂದು ಬರೆದುಕೊಳ್ಳುತ್ತಿತ್ತು. ಹೊಸದೇನಾದರೂ ಅಲ್ಲಿ ಬಂದು ಕೂರುವವರೆಗೆ ಹಳೆಯದು ಹಾಗೆಯೇ ಇರುತ್ತಿತ್ತು. ಅದನ್ನು ಮರಳಿ ಪಡೆಯುವ ಪ್ರೋಗ್ರಾಮನ್ನು 1982ರಲ್ಲಿ ಪೀಟರ್ ನಾರ್ಟನ್ ಮಾರಾಟಕ್ಕಿಟ್ಟಾಗ ಕೊಂಡವರೆಲ್ಲ ಹರಸಿದ್ದಿರಬೇಕು.

ಆದರೆ ಕಳೆದದ್ದನ್ನು ಹುಡುಕಿಕೊಡುವ ಕೈ, ಬಚ್ಚಿಟ್ಟದ್ದನ್ನೂ ಹೊರಗೆಳೆಯಬಲ್ಲದು. 2000ದಿಂದ 2002ರವರೆಗೆ ಅಮೆರಿಕದ ಎಂ.ಐ.ಟಿ.ಯ ಇಬ್ಬರು ವಿದ್ಯಾರ್ಥಿಗಳು, ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್, ಹಳೆಯ ಹಾರ್ಡ್ ಡಿಸ್ಕುಗಳನ್ನು ಕೊಳ್ಳತೊಡಗಿದರು. ಒಟ್ಟು 158 ಕೊಂಡರು. 129 ಕೆಲಸ ಮಾಡಿದವು. ಸರಿಯಾಗಿ ಒರೆಸಿದ್ದವು ಎಷ್ಟು ಗೊತ್ತೇ? ಬರೀ 12. ಉಳಿದವುಗಳಲ್ಲಿ ಕಾಯಿಲೆಯ ಕುರಿತ ಪತ್ರಗಳು, ಮನೆಯ ಹಣಕಾಸಿನ ವಿವರ, 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕವು. ಮಾರಿದವರಲ್ಲಿ ಎಷ್ಟೋ ಮಂದಿ ಎಲ್ಲವನ್ನೂ ಅಳಿಸಿದ್ದೇವೆಂದು ನೆಮ್ಮದಿಯಾಗಿದ್ದವರೇ.

ಹಾಗಾದರೆ ನಿಜವಾಗಿ ಒರೆಸುವುದು ಹೇಗೆ? ಹಳೆಯದರ ಮೇಲೆ ಬೇರೇನನ್ನಾದರೂ ಬರೆಯಬೇಕು, ಖಾಲಿ ಎಂದು ತೋರುವ ಜಾಗವನ್ನೂ ಬಿಡದೆ. ಎಷ್ಟು ಸಲ? ನ್ಯೂಜಿಲೆಂಡಿನ ಪೀಟರ್ ಗುಟ್‌ಮನ್ 1996ರಲ್ಲಿ 35 ಸಲದ ಕ್ರಮವೊಂದನ್ನು ಬರೆದ. ಅದು ಆ ಕಾಲದ ಬಗೆಬಗೆಯ ಡಿಸ್ಕುಗಳೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಕ್ರಮ. ಜನ ಅದನ್ನು ಮಡಿಯಂತೆ ಪಾಲಿಸತೊಡಗಿದಾಗ, ಹೊಸ ಡಿಸ್ಕುಗಳಿಗೆ ಅಷ್ಟೆಲ್ಲ ಬೇಡವೆಂದು ಅವನೇ ಹೇಳಬೇಕಾಯಿತು. 2006ರಲ್ಲಿ ಅಮೆರಿಕದ ಮಾನಕ ಸಂಸ್ಥೆಯೂ ಇಂದಿನ ಬಹುಪಾಲು ಡಿಸ್ಕುಗಳಿಗೆ ಒಂದೇ ಸಲ ಸಾಕೆಂದಿತು.

ಈಗ ತಟ್ಟೆಯೇ ಇಲ್ಲದ ಎಸ್.ಎಸ್.ಡಿ.ಗಳು ಬಂದಿವೆ. ಒಂದೇ ಜಾಗ ಸವೆಯಬಾರದೆಂದು ಇವು ಹೊಸ ಬರಹವನ್ನು ಬೇರೆ ಕಡೆ ಇಡುತ್ತವೆ. ಮೇಲೆ ಬರೆದೆವೆಂದುಕೊಂಡರೂ ಹಳೆಯದು ಒಂದು ಮೂಲೆಯಲ್ಲಿ ಉಳಿದೀತು. ಇವಕ್ಕೆ ತಯಾರಕರೇ ಕೊಟ್ಟಿರುವ ಅಳಿಸುವ ಆಜ್ಞೆ ಬೇಕು. ಇಲ್ಲವೇ ಮೊದಲಿನಿಂದಲೇ ಎಲ್ಲವನ್ನೂ ಗೂಢಲಿಪಿಯಲ್ಲಿಟ್ಟು, ಕೊನೆಗೆ ಅದರ ಕೀಲಿಯನ್ನು ನಾಶ ಮಾಡಬೇಕು.

ನಮ್ಮ ಅಜ್ಜಿಯರ ಕಾಲದಲ್ಲಿ ಯಾರೂ ಓದಬಾರದ ಕಾಗದ ಬಚ್ಚಲೊಲೆಗೆ ಹೋಗುತ್ತಿತ್ತು, ನೀರು ಕಾಯುವುದರೊಳಗೆ ಬೂದಿ. ನಮ್ಮ ಮಗಳ ಫೋಟೋ, ಬ್ಯಾಂಕಿನ ವಿವರ, ತವರಿಗೆ ಬರೆದ ಕಷ್ಟಸುಖ ಇವೆಲ್ಲ ಈಗ ಹಳೆಯ ಕಂಪ್ಯೂಟರಿನೊಂದಿಗೆ ಗುಜರಿಗೆ ಹೋಗುತ್ತವೆ. ಕಂಪ್ಯೂಟರನ್ನು ಮಾರುವ ಮುನ್ನ ಮನೆಯ ಹುಡುಗರನ್ನು ಕೇಳಿ: 'ಡಿಲೀಟ್ ಮಾಡಿದ್ದೀಯಾ' ಎಂದಲ್ಲ, 'ಪೂರ್ತಿ ಒರೆಸಿದ್ದೀಯಾ' ಎಂದು. ಉತ್ತರ ತಡವರಿಸಿದರೆ, ಡಿಸ್ಕನ್ನು ಬಿಚ್ಚಿಸಿ ನೀವೇ ಇಟ್ಟುಕೊಳ್ಳಿ. ಗುಜರಿಯವನು ಹತ್ತಿಪ್ಪತ್ತು ರೂಪಾಯಿ ಕಡಿಮೆ ಕೊಟ್ಟಾನು, ಅಷ್ಟೇ.